ಸಿಹಿ ಬಿಟ್ಟ ಹರಕೆ

ಮರಳೂರು, ತುಮಕೂರು
೧೨-೨-೧೯೮೪, ಭಾನುವಾರ

ಅಮ್ಮನಿಗೆ ವನಜಾಕ್ಷಿ ಮಾಡುವ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನಿನ್ನ ಮೊಮ್ಮಗಳು ನನಗಿಂತ ಚೆನ್ನಾಗಿದ್ದಾಳೆ. ಈಗ ತಾನೇ ಹಾಲು ಕುಡಿದು, ಏನೋ ದೊಡ್ಡ ಕೆಲಸ ಮುಗಿಸಿದವಳ ಹಾಗೆ ಉಸಿರು ಬಿಟ್ಟು ಮಲಗಿದಳು. ಅಪ್ಪ ಊರಿಗೆ ಬಂದು ಹೆಣ್ಣುಮಗು ಎಂದು ಹೇಳಿರುತ್ತಾರೆ. ಆದರೂ ನಾನೇ ಬರೆಯಬೇಕಿತ್ತು, ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಹೊಲಿಗೆ ಹಾಕಿದ ಹೊಟ್ಟೆ, ಬಗ್ಗಿ ಬರೆಯಲು ಆಗುತ್ತಿರಲಿಲ್ಲ. ಅದೂ ಅಲ್ಲದೆ, ಬಾಣಂತಿ ಕಣ್ಣಿಗೆ ಶ್ರಮ ಕೊಡಬಾರದೆಂದು ಅತ್ತೆ ನನ್ನ ಪುಸ್ತಕ, ಪೆನ್ನು, ಹಳೆಯ ವಾರಪತ್ರಿಕೆ ಎಲ್ಲವನ್ನೂ ಅಟ್ಟಕ್ಕೆ ಹಾಕಿಬಿಟ್ಟಿದ್ದರು. ಮೆಣಸಿನ ಪೊಟ್ಟಣದ ಕಾಗದ ಓದುತ್ತಿದ್ದಾಗ ಒಮ್ಮೆ ಸಿಕ್ಕಿಬಿದ್ದು ಬೈಸಿಕೊಂಡೆ. ಇವತ್ತು ಬೆಳಿಗ್ಗೆ ಅವರೇ ನಿಮ್ಮ ಅಳಿಯಂದಿರ ಕೈಲಿ ಏಣಿ ಹತ್ತಿಸಿ ಪೆನ್ನು ಕಾಗದ ಇಳಿಸಿಕೊಟ್ಟು, "ನಿಮ್ಮವ್ವಂಗೆ ಬರಿ. ಏನೂ ಬುಡದಂಗೆ ಬರಿ. ಕಣ್ಗೆ ಏನೂ ಆಗಾಕಿಲ್ಲ" ಎಂದರು.

ಏನೂ ಬಿಡದೆ ಬರೆಯುವುದೆಂದರೆ ಮೊದಲು ಇದನ್ನು ಬರೆಯಬೇಕು. ಚೊಚ್ಚಲ ಹೆರಿಗೆಗೆ ನೀನು ಕುಣಿಗಲ್ಲಿಗೆ ಕರೆಸಿಕೊಳ್ಳುತ್ತೀಯ ಎಂದು ನಾನು ಕಾದಿದ್ದೆ. ನಿನ್ನಿಂದ ಬಂದ ಕಾಗದದಲ್ಲಿ, ಅಪ್ಪನ ಅಕ್ಷರದಲ್ಲಿ, ಮಂಡಿನೋವು, ನೀರಿನ ತೊಂದರೆ, ತುಮಕೂರಿನಲ್ಲಿ ಒಳ್ಳೆಯ ಡಾಕ್ಟರಿದ್ದಾರೆ ಅಲ್ಲೇ ಆಗಲಿ ಎಂದಿತ್ತು. ಬಳೆ ತೊಡಿಸುವ ದಿನ ಅಪ್ಪ ಒಬ್ಬರೇ ಸೀರೆ ಬಳೆ ಹಿಡಿದು ಬಂದರು. ಮಗು ಹುಟ್ಟುವ ದಿನವೂ ಅಪ್ಪ ಒಬ್ಬರೇ ಬಂದರು. ಪಕ್ಕದ ಮನೆಯವರು "ತವರು ದೂರಾನಾ?" ಎಂದು ಕೇಳಿದರು. ಕುಣಿಗಲ್ಲು ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ ಎಂದು ಗೊತ್ತಿದ್ದೇ ಕೇಳಿದರು. ನನಗೆ ನೋವಾಯಿತು ಅಮ್ಮ. ನೀನು ಬರಬೇಕು ಎನ್ನುವುದು ಆಗಲೂ ಇತ್ತು, ಈಗಲೂ ಇದೆ. ನಿನ್ನೆದುರು ನಿಂತು ಕೇಳುವ ಧೈರ್ಯ ನನಗೆ ಬಿ.ಎ. ಮುಗಿಸಿದ ಮೇಲೂ ಬರಲಿಲ್ಲ. ಆದ್ದರಿಂದ ಇಲ್ಲಿಯ ಸಮಾಚಾರ ಹೇಳುತ್ತೇನೆ.

ಬಳೆ ತೊಡಿಸಿದ ದಿನ ಎಲೆಯಲ್ಲಿ ಸಿಹಿಯೇ ಇರಲಿಲ್ಲ, ಏನೋ ಹರಕೆಯಂತೆ ಎಂದು ಅಪ್ಪ ನಿನಗೆ ಹೇಳಿರಬೇಕು. ನಿಜ ಬೇರೆ ಇತ್ತು. ನೀನು ಹೆದರುತ್ತೀಯ ಎಂದು ಆಗ ಯಾರಿಗೂ ಹೇಳಿರಲಿಲ್ಲ. ಈಗ ಎಲ್ಲ ಸುಸೂತ್ರವಾಗಿದೆ, ಹೆದರದೆ ಓದು.

ಐದು ತಿಂಗಳು ಕಳೆಯುವ ಹೊತ್ತಿಗೆ ನನಗೆ ವಿಪರೀತ ಬಾಯಾರಿಕೆ ಶುರುವಾಯಿತು. ಬಿಂದಿಗೆ ಪಕ್ಕದಲ್ಲಿಟ್ಟುಕೊಂಡೇ ಕೂರುತ್ತಿದ್ದೆ. ಬಸುರಿಗೆ ಅದೆಲ್ಲ ಇದ್ದದ್ದೇ ಎಂದರು ಎಲ್ಲರೂ. ಆಮೇಲೆ ಒಂದು ದಿನ ನೋಡಿದೆ, ನಾನು ಹೋಗಿ ಬಂದ ಮೇಲೆ ಬಚ್ಚಲ ಕಲ್ಲಿಗೆ ಇರುವೆ ಮುತ್ತುತ್ತಿದ್ದವು. ಅತ್ತೆ ಯಾರೋ ಬೆಲ್ಲದ ಪಾತ್ರೆ ತೊಳೆದಿದ್ದಾರೆಂದು ಗೊಣಗಿ ನೀರು ಹುಯ್ದರು. ನಾನು ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಕಾಲೇಜಿನಲ್ಲಿ ಹಳೆಗನ್ನಡ ಕಾವ್ಯಗಳ ರಾಣಿಯರ ಬಯಕೆಯನ್ನೆಲ್ಲ ಬಾಯಿಪಾಠ ಮಾಡಿದ್ದೆ. ಯಾವ ಕವಿಯೂ ಇರುವೆಯ ವಿಷಯ ಬರೆದಿರಲಿಲ್ಲ.

ಲೇಡಿ ಡಾಕ್ಟರ್ ಅಲಮೇಲಮ್ಮ ಎಂದರೆ ಇಲ್ಲಿ ಎಲ್ಲರಿಗೂ ಸ್ವಲ್ಪ ಭಯ. ಕನ್ನಡಕದ ಮೇಲಿಂದ ನೋಡುತ್ತಾರೆ. ಅವರಿಗೆ ಇರುವೆಯ ಮಾತನ್ನು ನೆಲ ನೋಡುತ್ತ ಹೇಳಿದೆ. ಅವರು ನಗಲಿಲ್ಲ. ನನ್ನ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಒಂದು ನೀಲಿ ದ್ರಾವಣಕ್ಕೆ ಬೆರೆಸಿ, ಸ್ಪಿರಿಟ್ ದೀಪದ ಮೇಲೆ ಕಾಯಿಸಿದರು. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕೊನೆಗೆ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂದು ನಿಂತಿತು. ಬಣ್ಣ ಅಷ್ಟು ಚೆನ್ನಾಗಿತ್ತಮ್ಮ, ನಾನು ಮೆಚ್ಚಿಕೊಂಡು ನೋಡುತ್ತಿದ್ದೆ. ಡಾಕ್ಟರ ಮುಖ ನೋಡಿದ ಮೇಲೆ ಅದು ಮೆಚ್ಚುವ ಬಣ್ಣವಲ್ಲ ಎಂದು ತಿಳಿಯಿತು.

ಮಾರನೆಯ ದಿನ ರಕ್ತ ಪರೀಕ್ಷೆಯೂ ಆಯಿತು. ಸಕ್ಕರೆ ಕಾಯಿಲೆ ಎಂದರು. ನಿಮ್ಮ ಅಳಿಯಂದಿರು, "ಅದು ವಯಸ್ಸಾದೋರಿಗೆ ಬರೋದಲ್ವಾ ಡಾಕ್ಟ್ರೇ?" ಎಂದು ಕೇಳಿದರು.

"ಬಸುರಿನಲ್ಲೂ ಕಾಣಿಸಿಕೊಳ್ಳುತ್ತೆ. ಕೆಲವರಿಗೆ ಹೆರಿಗೆ ಆದ್ಮೇಲೆ ಹೋಗಿಬಿಡುತ್ತೆ. ಈಗ ಮಾತ್ರ ಬಿಡೋಹಾಗಿಲ್ಲ," ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ ನಿಧಾನವಾಗಿ ಹೇಳಿದರು. "ನೋಡಮ್ಮ, ನಿನ್ನ ರಕ್ತದಲ್ಲಿ ಹೆಚ್ಚಾದ ಸಕ್ಕರೆ ಮಗೂಗೂ ಹೋಗ್ತಾ ಇರುತ್ತೆ. ಮಗು ಮೈ ತುಂಬ್ಕೊಂಡು ದಪ್ಪ ಆಗುತ್ತೆ. ದಪ್ಪ ಆಗೋದು ಬೇರೆ, ಗಟ್ಟಿಯಾಗೋದು ಬೇರೆ. ಹುಟ್ಟೋವಾಗ ಭುಜ ಸಿಕ್ಕಿಹಾಕಿಕೊಳ್ಳಬಹುದು. ಹುಟ್ಟಿದ ಮೇಲೆ ಇನ್ನೊಂದು ಅಪಾಯ. ನಿನ್ನಿಂದ ಬರ್ತಿದ್ದ ಸಕ್ಕರೇನ ಕರಗಿಸೋಕೆ ಅದರ ಮೈ ಜೋರಾಗಿ ಕೆಲಸ ಮಾಡಿ ಅಭ್ಯಾಸ ಆಗಿರುತ್ತೆ. ಹೊಕ್ಕುಳಬಳ್ಳಿ ಕತ್ತರಿಸಿದ ತಕ್ಷಣ ನಿನ್ನಿಂದ ಬರೋದು ನಿಲ್ಲುತ್ತೆ, ಅದರ ಮೈ ಕೆಲಸ ನಿಲ್ಲೋದಿಲ್ಲ. ಆಗ ಮಗು ರಕ್ತದಲ್ಲಿ ಸಕ್ಕರೆ ಪೂರ್ತಿ ಇಳಿದು, ನಡುಗಿ, ತಣ್ಣಗಾಗಿಬಿಡುತ್ತೆ. ನಿನ್ನ ಸಕ್ಕರೇನ ನಾವು ಹತೋಟಿಯಲ್ಲಿಟ್ಟರೆ ಮಗು ಉಳಿಯುತ್ತೆ. ಅದು ನಮ್ಮ ಕೈಲಿದೆ."

ಉಳಿಯುತ್ತೆ ಎಂಬ ಮಾತು ಕೇಳಿದ ಮೇಲೆಯೇ, ಉಳಿಯದೇ ಇರಬಹುದು ಎನ್ನುವುದು ನನಗೆ ಹೊಳೆದದ್ದು.

ಮನೆಗೆ ಬಂದು ನಿಮ್ಮ ಅಳಿಯಂದಿರು ವಿಷಯ ಹೇಳಿದರು. ಅತ್ತೆ ರಂಗಲಕ್ಷ್ಮಮ್ಮನವರು ಅವರೆಕಾಯಿ ಬಿಡಿಸುತ್ತಿದ್ದರು. ಅವರ ಬಗ್ಗೆ ನಿನಗೆ ಹೆಚ್ಚು ಗೊತ್ತಿಲ್ಲ. ಗುಬ್ಬಿ ಕಡೆಯವರು, ಬಿದರೆಹಳ್ಳ ಕಾವಲಿನ ಹುಲ್ಲಿನಲ್ಲಿ ದನ ಕಾಯುತ್ತ ಬೆಳೆದವರು. ಓದಿದ ಸೊಸೆ ಬಂದಳೆಂದು ಮೊದಮೊದಲು ನನ್ನ ಮುಂದೆ ಮಾತಾಡಲು ಅವರೇ ಸಂಕೋಚಪಡುತ್ತಿದ್ದರು. ನಾನೂ ಮಾತಾಡುವವಳಲ್ಲ. ಹಾಗಾಗಿ ನಾವಿಬ್ಬರೂ ಒಂದು ವರ್ಷ ಅಡುಗೆಮನೆಯಲ್ಲಿ ಸೌಟಿನ ಸದ್ದಿನಲ್ಲೇ ಕಾಲ ಹಾಕಿದ್ದೆವು. ಅವತ್ತು ಅವರು ಎಲ್ಲ ಕೇಳಿ, ಮೊರ ಪಕ್ಕಕ್ಕಿಟ್ಟು, "ಅಂಗಾರೆ ಸಿಹಿ ತಿನ್ಬಾರ್ದು. ಅನ್ನ ಕಮ್ಮಿ ಮಾಡ್ಬೇಕು. ಅಷ್ಟೇ ತಾನೇ?" ಎಂದರು.

ಅಷ್ಟೇ, ಆದರೆ ಅದೇ ಕಷ್ಟ. ಬಸುರಿ ಇರುವ ಮನೆ ಎಂದರೆ ಬೀದಿಯವರಿಗೆಲ್ಲ ಬಯಕೆ ತೀರಿಸುವ ಹಕ್ಕು. ಒಬ್ಬರು ಸಜ್ಜಪ್ಪ, ಒಬ್ಬರು ತಂಬಿಟ್ಟು, ಒಬ್ಬರು ಕಾಯಿ ಒಬ್ಬಟ್ಟು ತಂದು, ಎರಡು ಜೀವಕ್ಕೆ ಆಗುವಷ್ಟು ತಿನ್ನು ಎಂದು ಎದುರು ಕೂತು ತಿನ್ನಿಸುತ್ತಿದ್ದರು. ಬೇಡ ಎನ್ನಲು ಬಾರದ ನಾನು ಎಲ್ಲವನ್ನೂ ತಿಂದಿದ್ದೆ. ಇನ್ನು ಮುಂದೆ ಬೇಡವೆಂದರೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಸೊಸೆಗೆ ಕಾಯಿಲೆ ಎಂದು ಬೀದಿಗೆಲ್ಲ ಹಬ್ಬುತ್ತದೆ.

ಅತ್ತೆ ಅದಕ್ಕೊಂದು ದಾರಿ ಕಂಡುಕೊಂಡರು. ಪಕ್ಕದ ಮನೆಯ ಮಹಾಲಕ್ಷ್ಮಮ್ಮ ಒಬ್ಬಟ್ಟಿನ ಡಬ್ಬಿ ಹಿಡಿದು ಬಂದಾಗ ಬಾಗಿಲಲ್ಲೇ ಹೇಳಿಬಿಟ್ಟರು.

"ಇವ್ಳು ಸಿಹಿ ಬುಟ್ಟವ್ಳೆ ಕಣೆ. ಹರಕೆ."

"ಬಸ್ರಿ ಯಾರಾದ್ರೂ ಸಿಹಿ ಬುಡೋ ಹರಕೆ ಕಟ್ಕತಾರಾ? ಯಾವ ದ್ಯಾವ್ರೇ ಅದು, ಹೊಟ್ಟೆಲಿರೋ ಕೂಸ್ನ ಬಾಯಿ ಕಟ್ಟೋನು?"

"ನಮ್ಮ ಮನೆ ದ್ಯಾವ್ರು ರಂಗಪ್ಪ. ಕೂಸು ಕೈಗೆ ಬರೋಗಂಟ ಸಿಹಿ ಮುಟ್ಟಾಕಿಲ್ಲ ಅಂತ ಹೊತ್ತೀವಿ. ನೀನು ತಂದಿದ್ದು ಸುಮ್ನೆ ಯಾಕೋಗ್ಬೇಕು, ನಮ್ಮ ಯಜಮಾನ್ರು ತಿಂತಾರೆ ಕೊಡು."

ಮಾವ ರಂಗಯ್ಯನವರು ಜಗಲಿಯಿಂದಲೇ, "ನಂಗೇನೂ ಹರಕೆ ಇಲ್ಲ ಕಣಮ್ಮ, ಧಾರಾಳವಾಗಿ ತತ್ತಾ," ಎಂದರು.

ಅಮ್ಮ, ಡಾಕ್ಟರ ಮಾತನ್ನಾದರೆ ಎಲ್ಲರೂ ಹಳಿಯುತ್ತಿದ್ದರು. ಹರಕೆ ಎಂದ ಮೇಲೆ ಒಬ್ಬರೂ ಒತ್ತಾಯ ಮಾಡಲಿಲ್ಲ. ಆದರೆ ಅತ್ತೆಗೆ ಒಳಗೊಳಗೇ ಕಸಿವಿಸಿ. ದೇವರ ಹೆಸರಲ್ಲಿ ಸುಳ್ಳು ಹೇಳಿದೆನಲ್ಲ ಎಂದು. ಸಂಜೆ ದೀಪ ಹಚ್ಚುವಾಗ ದೇವರ ಮುಂದೆ ಬಹಳ ಹೊತ್ತು ನಿಂತಿದ್ದರು. ಮಾರನೆಯ ದಿನ ಅವರ ಕಾಫಿಗೆ ನಾನು ಬೆಲ್ಲ ಹಾಕಹೋದರೆ ಲೋಟದ ಮೇಲೆ ಕೈ ಅಡ್ಡ ಹಿಡಿದರು. "ನಂಗೂ ಬ್ಯಾಡ. ಹೇಳಿದ್ ಮ್ಯಾಲೆ ನಿಜ ಮಾಡ್ಬುಟ್ಟೆ," ಎಂದರು. ಅಂದಿನಿಂದ ಮಗು ಹುಟ್ಟುವವರೆಗೆ ಅವರೂ ಸಿಹಿ ಮುಟ್ಟಲಿಲ್ಲ. ಸಂಕ್ರಾಂತಿಯ ಎಳ್ಳಿನಲ್ಲಿ ಬೆಲ್ಲದ ಚೂರುಗಳನ್ನೆಲ್ಲ ಆರಿಸಿ ತೆಗೆದು, ಕೊಬ್ಬರಿ, ಕಡಲೆಬೀಜ, ಎಳ್ಳು ಮಾತ್ರ ನನಗೊಂದು ಹಿಡಿ, ತಮಗೊಂದು ಹಿಡಿ ಇಟ್ಟರು. ನಾವಿಬ್ಬರೂ ಅದನ್ನು ಅಗಿಯುತ್ತ ಒಬ್ಬರ ಮುಖ ಒಬ್ಬರು ನೋಡಿ ನಕ್ಕುಬಿಟ್ಟೆವು. ಅಲ್ಲಿಂದ ನಮ್ಮಿಬ್ಬರ ನಡುವೆ ಮಾತು ಶುರುವಾಯಿತು ಎನ್ನಬೇಕು.

ಸಿಹಿ ಬಿಟ್ಟರೆ ಸಾಲದು, ಇನ್ಸುಲಿನ್ ಚುಚ್ಚಬೇಕು ಎಂದರು ಡಾಕ್ಟರು. ನಿಮ್ಮ ಅಳಿಯಂದಿರು ಕಿತ್ತಳೆ ಹಣ್ಣಿಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದರು. ಟೆಲಿಫೋನ್ ಕಚೇರಿಯಲ್ಲಿ ತಂತಿ ಜೋಡಿಸುವ ಕೈ, ಹಣ್ಣಿಗೆ ಸರಾಗವಾಗಿ ಚುಚ್ಚುತ್ತಿತ್ತು, ನನಗೆ ಚುಚ್ಚುವ ಮೊದಲು ಸೂಜಿಯನ್ನು ಎರಡೆರಡು ಸಲ ಕುದಿಸುತ್ತಿತ್ತು. ಔಷಧಿಯನ್ನು ತಂಪಿನಲ್ಲಿಡಬೇಕು, ನಮ್ಮ ಮನೆಯಲ್ಲಿ ಫ್ರಿಜ್ ಎಲ್ಲಿ ಬರಬೇಕು. ಡಾಕ್ಟರು ಹೇಳಿದಂತೆ ಅತ್ತೆ ಹೊಸ ಕುಡಿಕೆಯಲ್ಲಿ ಒದ್ದೆ ಮರಳು ತುಂಬಿ, ಅದರೊಳಗೆ ಸೀಸೆ ಇಟ್ಟು, ಮನೆಯಲ್ಲೆಲ್ಲ ತಂಪಾದ ಜಾಗವೆಂದು ದೇವರ ಕೋಣೆಯ ಮೂಲೆಯಲ್ಲಿಟ್ಟರು. ದಿನಾ ಪೂಜೆಯ ಜೊತೆಗೆ ಕುಡಿಕೆಗೂ ನೀರು ಚಿಮುಕಿಸುತ್ತಿದ್ದರು. ಮಾವ ಒಮ್ಮೆ ತಿಳಿಯದೆ ಅದಕ್ಕೂ ಹೂವಿಟ್ಟಿದ್ದರು.

ಬಳೆ ತೊಡಿಸುವ ದಿನದ ಗದ್ದಲ ಹೇಳಬೇಕು. ಮಡಿಲು ತುಂಬುವುದು, ಬಳೆ, ಹೂವು, ಆರತಿ ಎಲ್ಲ ಸರಿಯಾಗಿಯೇ ನಡೆಯಿತು. ಊಟಕ್ಕೆ ಕೂತ ಮೇಲೆ ಎಲೆಯಲ್ಲಿ ಹಿತಕಿದವರೆ ಸಾರು, ಸೊಪ್ಪಿನ ಪಲ್ಯ, ಪುಟ್ಟ ರಾಗಿ ಮುದ್ದೆ, ಕೋಸಂಬರಿ, ಒಂದು ಸೌಟು ಅನ್ನ. ಸಿಹಿ ಎಂಬುದೇ ಇಲ್ಲ. ಹತ್ತಿರದ ಕೋರ ಗ್ರಾಮದಿಂದ ಬಂದಿದ್ದ ಅತ್ತೆಯ ಅಕ್ಕ ಚಿಕ್ಕಮಾರಮ್ಮ ವಯಸ್ಸಿನಲ್ಲಿ ದೊಡ್ಡವರು, ಬಾಯಿ ಜೋರು.

"ಏನ್ಲೇ ರಂಗಿ, ಬಳೆ ಶಾಸ್ತ್ರಕ್ಕೆ ಕರ್ದಿದ್ಯೋ, ಅವರೆಕಾಯಿ ಸುಗ್ಗಿಗೆ ಕರ್ದಿದ್ಯೋ?"

"ತಿನ್ನಕ್ಕ ಸುಮ್ಕೆ. ಮೂರು ಸಲ ಸಾರು ಹಾಕಿಸ್ಕಂಡಿದೀಯ, ನಾನೂ ನೋಡ್ತಾನೇ ಇದೀನಿ."

"ಸಾರು ಚಂದಾಗೈತೆ, ಅದ್ಕೆ ಹಾಕಿಸ್ಕಂಡೆ. ಹುಡ್ಗಿ ಮಾತ್ರ ಸೊರಗವ್ಳೆ. ಇವ್ಳು ಹೆರೋ ಕೂಸು ಇಲಿಮರಿ ಹಂಗಿರ್ತದೆ ನೋಡ್ತಿರು."

ಎಲ್ಲರೂ ನಕ್ಕರು. ನಾನು ತಲೆ ತಗ್ಗಿಸಿಕೊಂಡು ಮುದ್ದೆ ಮುರಿಯುತ್ತಿದ್ದೆ. ಅತ್ತೆ ಬಡಿಸುವ ನೆಪದಲ್ಲಿ ಬಂದು ನನ್ನ ಹೆಗಲಿನ ಮೇಲೆ ಒಂದು ಕ್ಷಣ ಕೈಯಿಟ್ಟು ಹೋದರು.

ದಿನ ತುಂಬುವವರೆಗೆ ಬಿಡುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವರು ಕರೆದ ದಿನ ನರ್ಸಿಂಗ್ ಹೋಮಿಗೆ ಸೇರಿದೆ, ಆಪರೇಷನ್ ಮಾಡಿ ತೆಗೆದರು. ಮಗು ಮೂರು ಕೆಜಿ ಚಿಲ್ಲರೆ. ನೋಡಲು ಬಂದ ಚಿಕ್ಕಮಾರಮ್ಮ "ನಾ ಅಂದಿರ್ಲಿಲ್ವಾ, ಇಷ್ಟೇಯಾ?" ಎಂದರು. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಅಜ್ಜಿ, ಈ ತೂಕಕ್ಕೆ ಇವರತ್ತೆ ಎಷ್ಟು ಕಷ್ಟಪಟ್ಟಿದ್ದಾರೆ ಅಂತ ನಿಮಗೆ ಗೊತ್ತಿಲ್ಲ," ಎಂದರು.

ಆಮೇಲೆ ಮೊದಲ ಹಾಲಿನ ತಕರಾರು. ಹಳದಿ ಹಾಲು ಕೆಟ್ಟದ್ದು, ಹಿಂಡಿ ಚೆಲ್ಲಬೇಕು, ಮೂರನೆಯ ದಿನ ಕುಡಿಸಬೇಕು ಎಂದು ಚಿಕ್ಕಮಾರಮ್ಮ ಪಟ್ಟು ಹಿಡಿದರು. ನಮ್ಮ ಎಲ್ಲ ಮನೆಗಳಲ್ಲೂ ನಡೆದು ಬಂದದ್ದು ಅದೇ. ಅತ್ತೆಯೂ ತಮ್ಮ ಮಕ್ಕಳಿಗೆ ಹಾಗೆಯೇ ಮಾಡಿದವರು. ಅವರು, ಈಗಲೇ ಕುಡಿಸಿ ಎನ್ನುತ್ತಿದ್ದ ಡಾಕ್ಟರ ಕಡೆ ನೋಡಿದರು, ಅಕ್ಕನ ಕಡೆ ನೋಡಿದರು. "ಈ ಕೂಸು ಕಾಯಾಕಿಲ್ಲ ಅಕ್ಕ. ಕುಡೀಲಿ ಬುಡು," ಎಂದು ಮಗುವನ್ನು ತಂದು ನನ್ನ ಪಕ್ಕದಲ್ಲಿಟ್ಟರು.

ಆದರೂ ಸ್ವಲ್ಪ ಹೊತ್ತಿಗೆ ಮಗುವಿನ ಕೈಕಾಲು ಸಣ್ಣಗೆ ಅದುರಲು ಶುರುವಾಯಿತು. ಅಪ್ಪ ಆಗ ಅಲ್ಲೇ ಇದ್ದರು. ಅವರ ಮುಖ ನಾನು ನೋಡಿದೆ. ಎದ್ದು ಹೊರಗೆ ಹೋದರು. ನರ್ಸ್ ಮಗುವಿನ ಹಿಮ್ಮಡಿಯಿಂದ ರಕ್ತ ತೆಗೆದು ಪರೀಕ್ಷೆಗೆ ಕೊಟ್ಟರು. ಸಕ್ಕರೆ ಇಳಿದಿತ್ತು. ಡಾಕ್ಟರು ಗ್ಲೂಕೋಸ್ ಹಾಕಿಸಿದರು. ಅತ್ತೆ ಮಂಚದ ಪಕ್ಕ ಕೂತು, ನನ್ನ ಹಾಲು ಹಿಂಡಿಸಿಕೊಂಡು, ಕೂಸಿಗೆ ಕುಡಿಸುವ ಒಳಲೆಯಲ್ಲಿ ಹನಿಹನಿಯಾಗಿ ಬಿಟ್ಟರು. ಮಗು ನುಂಗಿತು. ಮತ್ತೆ ಬಿಟ್ಟರು, ಮತ್ತೆ ನುಂಗಿತು. ಸಂಜೆಯ ಹೊತ್ತಿಗೆ ಅದುರುವುದು ನಿಂತು, ಮಗು ಬೆಚ್ಚಗೆ ಕೆಂಪಗೆ ಆಗಿ, ನರ್ಸಿಂಗ್ ಹೋಮಿಗೆಲ್ಲ ಕೇಳುವಂತೆ ಅತ್ತಿತು. ಆ ಅಳುವಿನಷ್ಟು ಒಳ್ಳೆಯ ಸದ್ದನ್ನು ನಾನು ಕೇಳಿಲ್ಲ. ಅತ್ತೆ ಅವತ್ತು ಕಾಫಿಗೆ ಬೆಲ್ಲ ಹಾಕಿಸಿಕೊಂಡು ಕುಡಿದರು.

ಹೀಗೆ ಅಮ್ಮ, ನಿನ್ನ ಮೊಮ್ಮಗಳು ನಮ್ಮ ಕೈಗೆ ಬಂದಳು. ನನ್ನ ಸಕ್ಕರೆಯೂ ಇಳಿದಿದೆ. ಮುಂದೆಯೂ ಆಗಾಗ ನೋಡಿಸಿಕೊಳ್ಳುತ್ತಿರಬೇಕಂತೆ. ಈ ಮನೆಯಲ್ಲಿ ಎಲ್ಲರಿಗೂ ನಾನು ಋಣಿ. ಅದನ್ನು ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲವಾದ್ದರಿಂದ ನಿನಗೆ ಬರೆದಿದ್ದೇನೆ.

ಮಗುವಿನ ಪುಟ್ಟ ಕೈ ಜೋಡಿಸಿ ನಿನಗೂ ಅಪ್ಪನಿಗೂ ನಮಸ್ಕಾರ ಮಾಡಿಸಿದ್ದೇನೆ. ಅವಳು ನೂರು ಕಾಲ ಬಾಳಲಿ ಎಂದು ನೀನು ಬಾಯಿ ತುಂಬ ಹರಸಬೇಕು.

ನಿನ್ನ ಮಗಳು,
ವನಜಾಕ್ಷಿ

ಮರೆತ ಮಾತು: ಮರೆತಿದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಅಲ್ಲಿಯವರೆಗಿನದನ್ನು ಅಪ್ಪ ಓದಿ ಹೇಳಲಿ. ಇಲ್ಲಿಂದ ಮುಂದೆ ನೀನೇ ಓದು. ಅಕ್ಷರ ಕೂಡಿಸಿ ಓದಲು ಅನುಕೂಲವಾಗಲೆಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ಸಕ್ಕರೆ ಎಂದು ಗೊತ್ತಾದ ದಿನವೇ ಡಾಕ್ಟರು ನನ್ನನ್ನು ಇನ್ನೊಂದು ಮಾತು ಕೇಳಿದ್ದರು. "ನಿಮ್ಮ ತಾಯಿಗೆ ದಪ್ಪ ಮಕ್ಕಳು ಹುಟ್ಟಿ, ಹೋಗಿದ್ದು ಉಂಟಾ?" ನನಗೆ ಗೊತ್ತಿಲ್ಲ ಎಂದೆ. ನನಗೆ ಗೊತ್ತಿದ್ದದ್ದು ಇಷ್ಟೇ. ಚಿಕ್ಕವಳಿದ್ದಾಗ ನಡುಮನೆಯಲ್ಲಿ ತೊಟ್ಟಿಲು ಕಟ್ಟುತ್ತಿದ್ದರು, ನನ್ನನ್ನು ಪಕ್ಕದ ಮನೆಗೆ ಕಳಿಸುತ್ತಿದ್ದರು, ಬರುವ ಹೊತ್ತಿಗೆ ತೊಟ್ಟಿಲು ಬಿಚ್ಚಿರುತ್ತಿತ್ತು. ಯಾರ ಮನೆಯ ನಾಮಕರಣಕ್ಕೆ ಹೋದರೂ ನೀನು ಬಾಗಿಲ ಹತ್ತಿರವೇ ನಿಂತು, ಮಗುವನ್ನು ಮುಟ್ಟದೆ ಬರುತ್ತಿದ್ದೆ. ನೀನು ಮಕ್ಕಳನ್ನು ಇಷ್ಟಪಡುವುದಿಲ್ಲ ಎಂದು ನಾನು ತಿಳಿದಿದ್ದೆ.

ಮಗು ಅದುರಿದ ದಿನ ಅಪ್ಪ ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ಕೂತು ಅತ್ತೆಯ ಮುಂದೆ ಅತ್ತರು. "ನನ್ನ ಮೂರೂ ಹಿಂಗೇ ನಡುಗಿದ್ವು ತಾಯಿ," ಎಂದರಂತೆ. ನನ್ನ ಬೆನ್ನಿಗೆ ಹುಟ್ಟಿದ ಮೂರೂ ಗುಂಡುಗುಂಡಾಗಿ, ನೋಡಿದವರ ಕಣ್ಣು ತಾಗುವಂತೆ ಇದ್ದುವಂತೆ. ಮಾರನೆಯ ಬೆಳಗಿಗೆ ಇರುತ್ತಿರಲಿಲ್ಲವಂತೆ. ನಮ್ಮಜ್ಜಿ ನಿನ್ನನ್ನು ಕುರಿತು, ಇವಳ ಕೈಗೆ ಕೂಸು ದಕ್ಕುವುದಿಲ್ಲ, ಇವಳು ಎತ್ತಿಕೊಂಡದ್ದು ತಣ್ಣಗಾಗುತ್ತದೆ ಎಂದರಂತೆ. ನೀನು ಅದನ್ನು ನಂಬಿದೆ. ನನ್ನ ಮಗುವಿಗೆ ನಿನ್ನ ಕೈ ಸೋಕಬಾರದೆಂದೇ ನೀನು ನನ್ನನ್ನು ಕರೆಯಲಿಲ್ಲ, ಬರಲೂ ಇಲ್ಲ.

ಡಾಕ್ಟರಿಗೆ ಇದೆಲ್ಲ ಹೇಳಿದೆ. ಆಗ ಪರೀಕ್ಷೆ ಮಾಡಿದವರಿಲ್ಲ, ಆದ್ದರಿಂದ ಖಂಡಿತ ಎನ್ನಲಾರೆ, ಆದರೆ ಕೇಳಿದರೆ ಇದೇ ಕಾಯಿಲೆಯ ಲಕ್ಷಣ ಎಂದರು. ಅಮ್ಮ, ಅದು ನಿನ್ನ ಕೈಯಲ್ಲ. ಯಾರಿಗೂ ತಿಳಿಯದ ಒಂದು ಕಾಯಿಲೆ. ನಿನಗೆ ಹೇಳುವವರು ಯಾರೂ ಇರಲಿಲ್ಲ, ನನಗೆ ಇದ್ದರು, ಅಷ್ಟೇ ವ್ಯತ್ಯಾಸ. ಅದೇ ಕಾಯಿಲೆ ನನಗೂ ಬಂತು, ನನ್ನ ಮಗು ಉಳಿಯಿತು.

ನಿನ್ನ ಪಾದದ ಹುಣ್ಣು ಮಳೆಗಾಲದಿಂದ ಮಾಯ್ದಿಲ್ಲವೆಂದು ಅಪ್ಪ ಹೇಳಿದರು. ಡಾಕ್ಟರು ಅದನ್ನು ಕೇಳಿದ ಕೂಡಲೇ, ಸಕ್ಕರೆ ಇದ್ದರೆ ಹುಣ್ಣು ಬೇಗ ಮಾಯುವುದಿಲ್ಲ ಎಂದು, ನಿನ್ನನ್ನು ಕರೆತರಲು ಹೇಳಿದರು. ತಡಮಾಡಬೇಡ. ನನಗೆ ನೀನು ಇನ್ನೂ ಬಹಳ ವರ್ಷ ಬೇಕು.

ಅತ್ತೆ ಅಡುಗೆಮನೆಯಿಂದಲೇ ಕೂಗಿ ಹೇಳುತ್ತಿದ್ದಾರೆ: "ಬೀಗ್ತಿ ಬಂದು ಕೂಸ್ನ ಮಲಗ್ಸೋಗಂಟ ಈ ಮನೇಲಿ ತೊಟ್ಲು ಕಟ್ಟಾಕಿಲ್ಲ ಅಂತ ಬರಿ." ಬರೆದಿದ್ದೇನೆ. ಬುಧವಾರ ಅಪ್ಪನ ಜೊತೆ ಮೊದಲ ಬಸ್ಸಿಗೆ ಬಾ. ಚೀಲ, ಡಬ್ಬಿ ಏನನ್ನೂ ಹೊತ್ತು ತರಬೇಡ. ನೀನು ಹೊಸಿಲು ದಾಟಿದ ಕೂಡಲೇ ಮಗುವನ್ನು ನಿನ್ನ ಕೈಗೆ ಕೊಡುತ್ತೇನೆ.